350 ಸಿಸಿ ಕ್ರೂಸರ್: ಘಾಟಿ ಏರುವಾಗ ಎಂಜಿನ್ ರೇಸ್ ಆಗುತ್ತದೆ, ಗಾಡಿ ಎಳೆಯುವುದಿಲ್ಲ. ₹16,250 ಎಸ್ಟಿಮೇಟ್ ಒಪ್ಪಬೇಕಾ?

ಹಾಸನದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಏರ್ ಕೂಲ್ಡ್, ಒಂದೇ ಸಿಲಿಂಡರಿನ 350 ಸಿಸಿ ಕ್ರೂಸರ್. ಮೂರೂವರೆ ವರ್ಷ ಆಯಿತು, 26,400 ಕಿ.ಮೀ. ಓಡಿದೆ. ಕೆಲಸದ ಮೇಲೆ ತಿಂಗಳಿಗೆ ಎರಡು ಮೂರು ಸಲ ಮಂಗಳೂರಿಗೆ ಹೋಗಿ ಬರುತ್ತೇನೆ.

ತೊಂದರೆ ಇಷ್ಟು. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾದ ಮೇಲೆ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಸದ್ದು ಜೋರಾಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಜೊತೆಗೆ ಹಿಂದಿನ ಚಕ್ರದ ಕಡೆಯಿಂದ ಗುಂಯ್ ಅಂತ ಒಂದು ಸದ್ದು. ಮೈಲೇಜ್ 35 ಇದ್ದದ್ದು 28ಕ್ಕೆ ಇಳಿದಿದೆ. ಇದೆಲ್ಲ ಸುಮಾರು ಎರಡು ತಿಂಗಳಿಂದ.

ಸರ್ವಿಸ್ ಸೆಂಟರಿನಲ್ಲಿ ಗಾಡಿ ನೋಡಿ ಕೊಟ್ಟ ಎಸ್ಟಿಮೇಟ್ ಹೀಗಿದೆ. ಕ್ಲಚ್ ಪ್ಲೇಟ್ ಸೆಟ್ 3,200. ಚೈನ್ ಸ್ಪ್ರಾಕೆಟ್ ಸೆಟ್ (ಚೈನ್, ಅದು ಓಡುವ ಹಿಂದಿನ ಮುಂದಿನ ಹಲ್ಲುಚಕ್ರಗಳು) 4,300. ಹ್ಯಾಂಡಲ್ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) 1,450. ಎಂಜಿನ್ ಆಯಿಲ್ ಮತ್ತು ಫಿಲ್ಟರ್ 1,650. ಏರ್ ಫಿಲ್ಟರ್ 380. ಇಂಜೆಕ್ಟರ್ ಕ್ಲೀನಿಂಗ್ 750. ಎಂಜಿನ್ ಫ್ಲಶ್ 420. ಟೆಫ್ಲಾನ್ ಕೋಟಿಂಗ್ 1,200. ಲೇಬರ್ 2,900. ಒಟ್ಟು 16,250.

ಇಷ್ಟು ದುಡ್ಡು ಒಂದೇ ಸಲ ಹಾಕುವುದು ನನಗೆ ಕಷ್ಟ. ಗಾಡಿ ಹಾಳು ಮಾಡಿಕೊಳ್ಳುವುದಕ್ಕೂ ಮನಸ್ಸಿಲ್ಲ, ಇದನ್ನು ತಗೊಳ್ಳಲು ಎರಡು ವರ್ಷ ದುಡ್ಡು ಕೂಡಿಟ್ಟಿದ್ದೆ. ಇದರಲ್ಲಿ ನಿಜಕ್ಕೂ ಬೇಕಾದದ್ದು ಯಾವುದು? ತಿಳಿದವರು ದಯವಿಟ್ಟು ಹೇಳಿ.

ಹಳೇ ಸ್ಪ್ಯಾನರ್, ಮೈಸೂರು

ಏನನ್ನೂ ಬದಲಾಯಿಸಲು ಇನ್ನೂ ಒಪ್ಪಬೇಡಿ. ನೀವು ಹೇಳಿದ ಮೂರು ಲಕ್ಷಣಕ್ಕೂ ಹೊಸ ಸಾಮಾನೇ ಬೇಕು ಅಂತ ಇಲ್ಲ. ಮೊದಲು ಮನೆ ಮುಂದೆ ಗಾಡಿ ನಿಲ್ಲಿಸಿ ಇಷ್ಟು ನೋಡಿ ಬರೆಯಿರಿ.

ಕ್ಲಚ್ ಲಿವರ್ ಹಿಡಿದು ಮೆಲ್ಲಗೆ ಎಳೆಯಿರಿ. ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸುಮ್ಮನೆ ಸ್ವಲ್ಪ ಆಡಬೇಕು. ಲಿವರಿನ ಬುಡದ ಹತ್ತಿರ ಎರಡು ಮೂರು ಮಿ.ಮೀ. ಸಂದು ಕಾಣಬೇಕು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ ನೋಡಿ.

ಆಮೇಲೆ ಚೈನ್. ಕೆಳಗಿನ ಸಾಲಿನ ಮಧ್ಯಭಾಗವನ್ನು ಬೆರಳಿನಿಂದ ಮೇಲಕ್ಕೆ ಕೆಳಕ್ಕೆ ಆಡಿಸಿ, ಸ್ಕೇಲ್ ಹಿಡಿದು ಅಳೆಯಿರಿ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಸಡಿಲ ಇರುತ್ತದೆ. ನಿಮ್ಮ ಗಾಡಿಯ ಸರಿಯಾದ ಅಳತೆ ಜೊತೆಗೆ ಬಂದ ಪುಸ್ತಕದಲ್ಲಿದೆ, ಅದನ್ನೇ ನಂಬಿ.

ಕೊನೆಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿ. ಎಷ್ಟು ಸುತ್ತು ಹೋಗಿ ನಿಲ್ಲುತ್ತದೆ?

ಎಂಜಿನ್ ಓಡುತ್ತಿರುವಾಗ ಚೈನ್ ಹತ್ತಿರ ಯಾವತ್ತೂ ಕೈ ಹಾಕಬೇಡಿ. ನಾನು ಗ್ಯಾರೇಜಿನಲ್ಲಿ ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಪ್ರಶ್ನೆ. ಎರಡು ತಿಂಗಳ ಹಿಂದೆ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ದಿರಾ?

ಹಾಸನದ ಸವಾರ

ಅಣ್ಣ, ನೀವು ಹೇಳಿದ ಹಾಗೆ ನೋಡಿದೆ. ಕ್ಲಚ್ ಲಿವರ್ ಒಂಚೂರೂ ಆಡುವುದಿಲ್ಲ, ಮುಟ್ಟಿದ ಕೂಡಲೇ ಬಿಗಿ. ಚೈನ್ 10 ಮಿ.ಮೀ. ಕೂಡ ಆಡಲಿಲ್ಲ, ತಂತಿ ಎಳೆದು ಕಟ್ಟಿದ ಹಾಗಿದೆ. ಹಿಂದಿನ ಚಕ್ರ ಅರ್ಧ ಸುತ್ತಿಗೇ ನಿಂತುಬಿಡುತ್ತದೆ.

ಹೌದು, ಎರಡು ತಿಂಗಳ ಹಿಂದೆ ಹಿಂದಿನ ಟೈರ್ ಹಾಕಿಸಿದ್ದೆ. ಅದೇ ವಾರ ಕ್ಲಚ್ ಲಿವರ್ ಲೂಸ್ ಇದೆ ಅನ್ನಿಸಿ ಹ್ಯಾಂಡಲ್ ಹತ್ತಿರದ ಅಡ್ಜಸ್ಟರ್ ತಿರುಗಿಸಿ ನಾನೇ ಬಿಗಿ ಮಾಡಿದ್ದೆ. ಅದು ತಪ್ಪಾ?

ಬಜೆಟ್ ರೈಡರ್

ಸರ್, ನಮ್ಮ ಕಡೆ ಒಬ್ಬರು ಕಾರಿನ ಎಂಜಿನ್ ಆಯಿಲ್ ಹಾಕುತ್ತಾರೆ, ಲೀಟರಿಗೆ ಕಡಿಮೆ ಬೀಳುತ್ತದೆ. ಪ್ರತಿ ಸರ್ವಿಸ್‌ನಲ್ಲೂ ಖರ್ಚು ಉಳಿಯುತ್ತದೆ ಅಲ್ವಾ? ಅದನ್ನೂ ಯೋಚಿಸಬಹುದು.

ಹಳೇ ಸ್ಪ್ಯಾನರ್, ಮೈಸೂರು

ಮೊದಲು ಆಯಿಲ್ ವಿಷಯಕ್ಕೆ ಉತ್ತರ ಹೇಳುತ್ತೇನೆ. ಬೇಡ, ದಯವಿಟ್ಟು ಬೇಡ. ಈ ಬೈಕುಗಳಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್ ಒಳಗೇ ಮುಳುಗಿರುತ್ತವೆ. ಎಷ್ಟೋ ಕಾರ್ ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಇರುತ್ತದೆ. ಕಾರಿನ ಕ್ಲಚ್ ಆಯಿಲಿಗೆ ತಾಗುವುದಿಲ್ಲ, ಅದಕ್ಕೆ ತೊಂದರೆ ಇಲ್ಲ. ಬೈಕಿನಲ್ಲಿ ಅದೇ ಆಯಿಲ್ ಪ್ಲೇಟ್‌ಗಳನ್ನು ಜಾರಿಸುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ, ಅಂದರೆ ಇಂಥ ಮುಳುಗಿದ ಕ್ಲಚ್‌ಗೆ ಒಗ್ಗುವ ಆಯಿಲ್ ಅನ್ನುವ ಗುರುತು ಬರೆದಿರಬೇಕು, ಗ್ರೇಡ್ ಕೂಡ ಕಂಪನಿ ಹೇಳಿದ್ದೇ ಇರಬೇಕು. ಇನ್ನೂರು ರೂಪಾಯಿ ಉಳಿಸಲು ಹೋಗಿ ಮೂರು ಸಾವಿರದ ಪ್ಲೇಟ್ ಸುಡುವುದು ಬೇಡ.

ಈಗ ಹಾಸನದವರಿಗೆ. ತಪ್ಪು ಅಂತ ಬೇಸರ ಮಾಡಿಕೊಳ್ಳಬೇಡಿ, ಬಹಳ ಜನ ಇದನ್ನೇ ಮಾಡುತ್ತಾರೆ. ಲಿವರಿನಲ್ಲಿ ಆ ಸ್ವಲ್ಪ ಆಟ ಬೇಕೇ ಬೇಕು. ಅದು ಇಲ್ಲದಿದ್ದರೆ ನೀವು ಲಿವರ್ ಬಿಟ್ಟ ಮೇಲೂ ಕೇಬಲ್ ಸ್ವಲ್ಪ ಎಳೆದುಕೊಂಡೇ ಇರುತ್ತದೆ. ಅಂದರೆ ಇಡೀ ದಿನ ನೀವು ಹಾಫ್ ಕ್ಲಚ್‌ನಲ್ಲಿ ಓಡಿಸಿದ ಹಾಗೆ. ಸ್ಪ್ರಿಂಗ್‌ಗಳು ಪ್ಲೇಟ್‌ಗಳನ್ನು ಪೂರ್ತಿ ಒತ್ತಿ ಹಿಡಿಯಲು ಆಗುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರಿನಲ್ಲಿ ಭಾರ ಬಿದ್ದ ಕೂಡಲೇ ಜಾರುತ್ತದೆ. ಪ್ಲೇಟ್ ಸವೆಯುತ್ತಾ ಹೋದ ಹಾಗೆ ಈ ಆಟ ತಾನಾಗಿಯೇ ಇನ್ನೂ ಕಡಿಮೆಯಾಗುತ್ತದೆ, ಅದಕ್ಕೇ ಆಗಾಗ ನೋಡುತ್ತಿರಬೇಕು.

ಲಿವರ್ ಹತ್ತಿರದ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ. ಆಟ ಬಂದ ಮೇಲೆ ಲಾಕ್ ನಟ್ ಬಿಗಿ ಮಾಡಿ. ಐದು ನಿಮಿಷದ ಕೆಲಸ. ಅಲ್ಲಿ ಸಾಲದಿದ್ದರೆ ಎಂಜಿನ್ ಕಡೆಯ ತುದಿಯಲ್ಲೂ ಒಂದು ಅಡ್ಜಸ್ಟರ್ ಇರುತ್ತದೆ.

ಆಮೇಲೆ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 50ರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಕೊಡಿ. ವೇಗ ನಿಧಾನವಾಗಿ ಏರಿ, ಸದ್ದೂ ಅದರ ಜೊತೆಗೇ ಏರಿದರೆ ಕ್ಲಚ್ ಚೆನ್ನಾಗಿದೆ. ಸದ್ದು ಒಮ್ಮೆಲೇ ಹಾರಿ ವೇಗ ಅಲ್ಲೇ ನಿಂತರೆ ಪ್ಲೇಟ್ ಸುಟ್ಟಿವೆ, ಬಿಚ್ಚಿ ದಪ್ಪ ಅಳೆಯಲೇಬೇಕು.

ಚೈನ್ ಮಾತ್ರ ನೀವೇ ಮಾಡಬೇಡಿ. ಆಕ್ಸಲ್ ನಟ್ ಸರಿಯಾದ ಬಿಗಿಯಲ್ಲಿ ಕೂರದಿದ್ದರೆ ಅಪಾಯ. ನಿಮಗೆ ನಂಬಿಕೆ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ, ಪಕ್ಕದಲ್ಲೇ ನಿಂತು ನೋಡಿ. ಟೈರ್ ಹಾಕಿ ಚಕ್ರ ಮತ್ತೆ ಕೂರಿಸುವಾಗ ಚೈನ್ ಜಾಸ್ತಿ ಎಳೆದಿದ್ದಾರೆ ಅಂತ ಕಾಣುತ್ತದೆ. ನೀವು ಸೀಟಿನ ಮೇಲೆ ಕೂತು ಸಸ್ಪೆನ್ಷನ್ ಕುಗ್ಗಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಹಿಂದೆ ಒಬ್ಬರು ಕೂತರೆ ಕೇಳುವುದೇ ಬೇಡ. ಆ ಎಳೆತ ಗೇರ್ ಬಾಕ್ಸ್ ಶಾಫ್ಟಿನ ಬೇರಿಂಗ್ ಮೇಲೂ ಚಕ್ರದ ಬೇರಿಂಗ್ ಮೇಲೂ ಬೀಳುತ್ತದೆ. ಆ ಗುಂಯ್ ಸದ್ದು ಅದೇ ಇರಬಹುದು. ಸಡಿಲ ಚೈನ್ ಕೆಟ್ಟದ್ದು, ಬಿಗಿ ಚೈನ್ ಅದಕ್ಕಿಂತ ಕೆಟ್ಟದ್ದು. ಗೇರ್ ಬಾಕ್ಸ್ ಬೇರಿಂಗ್ ಹೋದರೆ ಎಂಜಿನ್ನೇ ಬಿಚ್ಚಬೇಕು. ಆ ಬಿಲ್ ಈ 16,250ನ್ನೂ ದಾಟಬಹುದು.

ಚೈನ್ ಸಡಿಲ ಮಾಡಿಸಿದ ಮೇಲೆ ಚಕ್ರ ಮತ್ತೆ ತಿರುಗಿಸಿ. ಆಗಲೂ ಬೇಗ ನಿಂತರೆ ಬ್ರೇಕ್ ಹಿಡಿದಿರಬಹುದು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ನುಗಳಿಗೆ ಮಳೆಗಾಲದ ಕೆಸರು ಸೇರಿದರೆ ಪ್ಯಾಡ್ ವಾಪಸ್ ಸರಿಯುವುದಿಲ್ಲ. ಬಿಚ್ಚಿ, ಉಜ್ಜಿ, ಕ್ಯಾಲಿಪರಿಗೆ ಹಾಕುವ ಗ್ರೀಸ್ ಸವರಿದರೆ ಮುಗಿಯಿತು, ಹೊಸ ಪ್ಯಾಡ್ ಬೇಡ. ಮೈಲೇಜ್ ಬಿದ್ದಿರುವುದಕ್ಕೆ ಕ್ಲಚ್, ಚೈನ್, ಬ್ರೇಕ್ ಮೂರೂ ಸೇರಿರಬಹುದು.

ಎಸ್ಟಿಮೇಟಿನ ಉಳಿದ ಸಾಲುಗಳ ಬಗ್ಗೆ. ಕೋನ್ ಸೆಟ್ ಹೋಗಿದೆಯಾ ಅಂತ ನೋಡಲು ಮುಂದಿನ ಚಕ್ರ ನೆಲದಿಂದ ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಬರೀ ಬಿಗಿ ಮಾಡಿದರೂ ಸಾಕಾಗಬಹುದು. ಹ್ಯಾಂಡಲ್ ಮೆಲ್ಲಗೆ ತಿರುಗಿಸುವಾಗ ನಡುವೆ ಒಂದು ಕಡೆ ಗುಳಿಗೆ ಬಿದ್ದ ಹಾಗೆ ನಿಂತರೆ ಮಾತ್ರ ಬದಲಾಯಿಸಿ. ಆಯಿಲ್ ಸಮಯಕ್ಕೆ ಬದಲಾಯಿಸಿದ ಎಂಜಿನ್ನಿಗೆ ಫ್ಲಶ್ ಬೇಡ. ಸ್ಟಾರ್ಟಿಂಗ್ ತೊಂದರೆ ಇಲ್ಲ, ಐಡ್ಲಿಂಗ್ ಸರಿ ಇದೆ ಅಂದರೆ ಇಂಜೆಕ್ಟರ್ ಮುಟ್ಟುವುದೂ ಬೇಡ. ಕೋಟಿಂಗ್ ನಿಮ್ಮ ಇಷ್ಟ, ಓಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಾನು ಕೆಲಸ ಕಲಿತದ್ದು ಯೆಜ್ಡಿ ಬೈಕುಗಳ ಮೇಲೆ, ಅವನ್ನು ಮಾಡುತ್ತಿದ್ದ ಇಲ್ಲಿನ ಯಾದವಗಿರಿಯ ಕಾರ್ಖಾನೆ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ. ಅದು 1996ರಲ್ಲಿ ಮುಚ್ಚಿತು. ನಮ್ಮ ಗುರುಗಳು ಗಾಡಿ ಬಂದ ಕೂಡಲೇ ಕೇಬಲ್, ಚೈನ್, ಬ್ರೇಕ್ ಮೂರನ್ನೂ ಕೈಯಲ್ಲಿ ಮುಟ್ಟಿ ನೋಡದೆ ಸ್ಪ್ಯಾನರ್ ಎತ್ತಲು ಬಿಡುತ್ತಿರಲಿಲ್ಲ. ಈಗಲೂ ನಾನು ಹಾಗೇ ಮಾಡುತ್ತೇನೆ.

ಲೆಕ್ಕದ ಪುಸ್ತಕ, ಶಿವಮೊಗ್ಗ

ನಾನೂ 350 ಸಿಸಿ ಕ್ರೂಸರ್ ಓಡಿಸುತ್ತೇನೆ. ನಾಲ್ಕು ವರ್ಷ, 41,000 ಕಿ.ಮೀ. ಮೊದಲ ದಿನದಿಂದ ಪ್ರತಿ ಬಿಲ್ಲೂ ಬರೆದಿಟ್ಟಿದ್ದೇನೆ. ಹಾಸನದವರಿಗೆ ಅಂದಾಜು ಸಿಗಲಿ ಅಂತ ಹಾಕುತ್ತಿದ್ದೇನೆ. ಪೆಟ್ರೋಲ್, ಇನ್ಶೂರೆನ್ಸ್ ಇದರಲ್ಲಿ ಸೇರಿಲ್ಲ.

ನಿಗದಿತ ಸರ್ವಿಸ್‌ಗಳು ಎಲ್ಲ ಸೇರಿ 19,800. ಟೈರ್ 13,900, ಹಿಂದಿನದು ಎರಡು ಸಲ, ಮುಂದಿನದು ಒಂದು ಸಲ. ಚೈನ್ ಸೆಟ್ 4,200. ಬ್ರೇಕ್ ಪ್ಯಾಡ್ 2,600. ಬ್ಯಾಟರಿ 1,900. ಕೇಬಲ್, ಬಲ್ಬ್, ಪಂಕ್ಚರ್ ಎಲ್ಲ ಚಿಲ್ಲರೆ 2,700. ಒಟ್ಟು 45,100. ಕಿಲೋಮೀಟರಿಗೆ ಒಂದು ರೂಪಾಯಿ ಹತ್ತು ಪೈಸೆ ಬಂತು. ನನ್ನ ಪೆಟ್ರೋಲ್ ಖರ್ಚು ಇದರ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಟೈರಿನ ಖರ್ಚು ನೋಡಿದಿರಾ? ಒಟ್ಟಿನಲ್ಲಿ ಸುಮಾರು ಮೂರನೇ ಒಂದು ಪಾಲು. ಕ್ರೂಸರಿನಲ್ಲಿ ನಮ್ಮ ಭಾರ ಹಿಂದಕ್ಕೆ ಬೀಳುತ್ತದೆ, ಗಾಡಿಯೇ ಸುಮಾರು 190 ಕೆ.ಜಿ. ಇದೆ. ಹೈವೇಯಲ್ಲಿ ನೇರ ಓಡಿಸಿ ಓಡಿಸಿ ಹಿಂದಿನ ಟೈರ್ ಮಧ್ಯದಲ್ಲಿ ಚಪ್ಪಟೆಯಾಗುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡಲು ಶುರು ಮಾಡಿದ ಮೇಲೆ ನನ್ನ ಎರಡನೇ ಟೈರ್ ಮೊದಲನೆಯದಕ್ಕಿಂತ 3,000 ಕಿ.ಮೀ. ಜಾಸ್ತಿ ಬಂತು.

ಬಿಲ್ಲಿನ ಬಗ್ಗೆ ಎರಡು ಮಾತು. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಇದ್ದದ್ದು 18 ಪರ್ಸೆಂಟ್ ಆಗಿದೆ. ನಿಮ್ಮ ಎಸ್ಟಿಮೇಟಿನಲ್ಲಿ ಹಳೇ ದರ ಇದೆಯಾ ನೋಡಿ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. ಒಂದು ಸಲ ಒಂದು ಕಡೆ ನನ್ನ ಬ್ರೇಕ್ ಪ್ಯಾಡಿಗೆ ಹಾಗೆ ಹಾಕಿದ್ದರು. ಪೊಟ್ಟಣ ತೋರಿಸಿ ಕೇಳಿದ ಮೇಲೆ ಸರಿ ಮಾಡಿದರು. ಲೇಬರಿಗೆ ಬೇರೆಯಾಗಿ 18 ಪರ್ಸೆಂಟ್ ಬರುತ್ತದೆ, ಅದು ಸರಿ. ಬದಲಾಯಿಸಿದ ಹಳೇ ಸಾಮಾನನ್ನು ವಾಪಸ್ ಕೊಡಿ ಅಂತ ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸಿ.

ಹಾಸನದ ಸವಾರ

ತಡವಾಗಿ ಬರೆಯುತ್ತಿದ್ದೇನೆ, ಘಾಟಿ ಹತ್ತಿ ನೋಡಿಯೇ ಹೇಳೋಣ ಅಂತ ಕಾದೆ.

ಕ್ಲಚ್ ಕೇಬಲ್ ನಾನೇ ಸರಿ ಮಾಡಿದೆ. ಬೇರೆ ಮೆಕ್ಯಾನಿಕ್ ಹತ್ತಿರ ಚೈನ್ ಸಡಿಲ ಮಾಡಿಸಿದೆ. ಆಮೇಲೂ ಚಕ್ರ ಒಂದೂವರೆ ಸುತ್ತಿಗೆ ನಿಲ್ಲುತ್ತಿತ್ತು. ಕ್ಯಾಲಿಪರ್ ಬಿಚ್ಚಿದರೆ ಒಂದು ಪಿನ್ ಅಲ್ಲಾಡುತ್ತಲೇ ಇರಲಿಲ್ಲ, ಅಷ್ಟು ಕೆಸರು. ಉಜ್ಜಿ ಗ್ರೀಸ್ ಹಾಕಿದ ಮೇಲೆ ಚಕ್ರ ಸರಾಗವಾಗಿ ತಿರುಗುತ್ತಿದೆ.

ಭಾನುವಾರ ಗುಂಡ್ಯದಿಂದ ಮಾರನಹಳ್ಳಿವರೆಗೆ ಏರಿದೆ. ಹಿಂದೆ ತಮ್ಮ ಕೂತಿದ್ದ. ಒಂದು ಸಲವೂ ಕ್ಲಚ್ ಜಾರಲಿಲ್ಲ! ಎರಡು ತಿಂಗಳಾದ ಮೇಲೆ ಗಾಡಿ ಎಳೆಯುವುದನ್ನು ನೋಡಿ ಎಷ್ಟು ಖುಷಿ ಆಯಿತು ಅಂದರೆ ಹೇಳಲು ಆಗುವುದಿಲ್ಲ.

ಆದರೆ ಚೈನ್ ಉಳಿಯಲಿಲ್ಲ. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ಅಳೆದೆವು. ಒಂದು ಕಡೆ 30 ಮಿ.ಮೀ. ಆಡಿದರೆ ಇನ್ನೊಂದು ಕಡೆ 15 ಮಾತ್ರ. ಹಿಂದಿನ ಸ್ಪ್ರಾಕೆಟ್ ಹತ್ತಿರ ಚೈನ್ ಹಿಡಿದು ಎಳೆದರೆ ಅರ್ಧ ಹಲ್ಲು ಕಾಣುತ್ತಿತ್ತು. ಎಸ್ಟಿಮೇಟಿನ ಆ ಸಾಲು ನಿಜವೇ ಆಗಿತ್ತು. ಚೈನ್ ಸೆಟ್ 4,300, ಎಂಜಿನ್ ಆಯಿಲ್ ಮತ್ತು ಫಿಲ್ಟರ್ 1,650, ಏರ್ ಫಿಲ್ಟರ್ 380, ಎಲ್ಲ ಕೆಲಸಕ್ಕೆ ಲೇಬರ್ 900. ಒಟ್ಟು 7,230 ಆಯಿತು. ಕೋನ್ ಸೆಟ್ ಬರೀ ಬಿಗಿ ಮಾಡಿದರು. ಮೈಲೇಜ್ ಒಂದು ಟ್ಯಾಂಕಿಗೆ 34 ಬಂದಿದೆ.

ಅಣ್ಣ, ಹೊಸ ಚೈನಿಗೆ ನಾನು ಏನು ಮಾಡುತ್ತಾ ಇರಬೇಕು? ಇಷ್ಟು ದಿನ ಸರ್ವಿಸ್‌ನಲ್ಲಿ ಬಿಟ್ಟರೆ ಅದನ್ನು ಮುಟ್ಟಿಯೇ ಇರಲಿಲ್ಲ.

ಹಳೇ ಸ್ಪ್ಯಾನರ್, ಮೈಸೂರು

ತುಂಬಾ ಸಂತೋಷ ಆಯಿತು. ಒಂದು ಕಡೆ ಸಡಿಲ ಒಂದು ಕಡೆ ಬಿಗಿ ಇದ್ದ ಚೈನನ್ನು ಅಡ್ಜಸ್ಟ್ ಮಾಡಿ ಉಳಿಸಲು ಆಗುವುದಿಲ್ಲ, ನೀವು ಸರಿಯಾಗಿಯೇ ಮಾಡಿದಿರಿ. ಚೈನ್, ಹಿಂದಿನ ಮುಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಾಯಿಸಿದ್ದೂ ಸರಿ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಬೇಗ ತಿಂದುಹೋಗುತ್ತದೆ.

500 ಕಿ.ಮೀ.ಗೆ ಒಮ್ಮೆ ಒರೆಸಿ ಲ್ಯೂಬ್ ಹಾಕಿ, ಮಳೆಯಲ್ಲಿ ಓಡಿಸಿದ್ದರೆ ಇನ್ನೂ ಬೇಗ. ಚೈನ್ ಕೊಂಡಿಗಳಲ್ಲಿ ರಬ್ಬರಿನ ಓ ರಿಂಗ್ ಇರುತ್ತವೆ. ಅದಕ್ಕೆ ಪೆಟ್ರೋಲ್ ಅಥವಾ ಥಿನ್ನರ್ ಹಾಕಿ ತೊಳೆಯಬೇಡಿ, ತಂತಿ ಬ್ರಶ್ ಕೂಡ ಬೇಡ. ಸೀಮೆಎಣ್ಣೆ ಇಲ್ಲವೇ ಚೈನ್ ಕ್ಲೀನರ್ ಹಾಕಿ ಮೆತ್ತನೆ ಬ್ರಶ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಲ್ಯೂಬನ್ನು ಸವಾರಿ ಮುಗಿಸಿ ಚೈನ್ ಬೆಚ್ಚಗಿರುವಾಗ ಒಳಗಿನ ಬದಿಗೆ ಹಾಕಿ, ರಾತ್ರಿಯಿಡೀ ಬಿಡಿ. ಟೈರಿಗೆ ತಾಗಬಾರದು.

ಹೊಸ ಚೈನ್ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ. ಮುಂದಿನ ಮಂಗಳೂರು ಟ್ರಿಪ್ ಮುಗಿಸಿ ಬಂದ ಮೇಲೆ ಸ್ಕೇಲ್ ಹಿಡಿದು ಇನ್ನೊಮ್ಮೆ ಅಳೆದು ಇಲ್ಲೇ ಬರೆಯಿರಿ, ನೋಡೋಣ.