ಅಪ್ಪನ ಮರೆವು ವಯಸ್ಸಿನದಾ, ಕಾಯಿಲೆಯದಾ? ನಮ್ಮ ಕಡೆಯವರ ಅನುಭವಗಳು

ಕೇಳಿದವರು: ಗದಗಿನಿಂದ ಒಬ್ಬ ಮಗಳು

ಅಪ್ಪನಿಗೆ 76. ನಿವೃತ್ತ ಹೆಡ್‌ಮಾಸ್ತರ್. ಊರಿನ ಪತ್ತಿನ ಸಹಕಾರಿ ಸಂಘಕ್ಕೆ ಬಹಳ ವರ್ಷದಿಂದ ಅಧ್ಯಕ್ಷರು. ಈಚೆಗೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಈ ಸಲದ ವಾರ್ಷಿಕ ಸಭೆಯಲ್ಲಿ ಹಿಂದಿನ ವರ್ಷದ ಲೆಕ್ಕ ಓದಲು ಶುರು ಮಾಡಿದರಂತೆ. ಕಾರ್ಯದರ್ಶಿ ಮೆಲ್ಲಗೆ ಹಾಳೆ ಬದಲಿಸಿ ಕೊಟ್ಟರಂತೆ. ಅವ್ವ ಎಲ್ಲವನ್ನೂ ಮುಚ್ಚಿಡುತ್ತಾಳೆ. ಪುಣೆಯಲ್ಲಿರುವ ಅಣ್ಣ "ವಯಸ್ಸಾತು, ಇನ್ನೇನ" ಅಂತಾನೆ. ಇದು ಬರೀ ವಯಸ್ಸಾ? ಎಲ್ಲಿ ತೋರಿಸಬೇಕು? ಮರ್ಯಾದೆಗೆ ಕುಂದು ಬಾರದ ಹಾಗೆ ಸಂಘದ ಜವಾಬ್ದಾರಿಯಿಂದ ಬಿಡಿಸುವುದು ಹೇಗೆ? ಗೊತ್ತಿದ್ದವರು ಹೇಳಿ.

ಧಾರವಾಡದಿಂದ, ಅತ್ತೆಯನ್ನು ನೋಡಿಕೊಂಡ ಸೊಸೆ

ತಂಗಿ, ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ನಿಮ್ಮ ಅಪ್ಪನಿಗೆ ತಮ್ಮ ವಿಷಯ ತಾವೇ ತೀರ್ಮಾನ ಮಾಡುವ ಶಕ್ತಿ ಇನ್ನೂ ಇದೆ ಅನ್ನಿಸುತ್ತದೆ. ಅದು ಇರುವಾಗಲೇ ಅವರಿಗೆ ಸಂಗತಿ ತಿಳಿಯಬೇಕು. ಮನೆಯವರು ಮುಚ್ಚಿಡುತ್ತಾ ಹೋದರೆ ಆ ಕಾಲ ಸುಮ್ನೆ ಕೈ ಬಿಟ್ಟು ಹೋಗುತ್ತದೆ. ಆಮೇಲೆ ಸಹಿ, ಹೊಲ, ಸಂಘ, ಔಷಧಿ, ಎಲ್ಲವನ್ನೂ ಅವರ ಪರವಾಗಿ ಬೇರೆಯವರೇ ತೀರ್ಮಾನ ಮಾಡಬೇಕಾಗುತ್ತದೆ. ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಅನ್ನಿಸುವುದು ಅದೇ.

ಯಾರದೋ ಹೆಸರು ಮರೆಯುವುದು, ಕನ್ನಡಕ ಹುಡುಕುವುದು ನಮಗೂ ಇದ್ದದ್ದೇ. ಸ್ವಲ್ಪ ಹೊತ್ತಿಗೆ ನೆನಪಾಗುತ್ತದೆ. ನೀವು ನೋಡಬೇಕಾದ್ದು, ಜೀವಮಾನವೆಲ್ಲ ಮಾಡಿಕೊಂಡು ಬಂದ ಕೆಲಸದ ಕ್ರಮ ತಪ್ಪುತ್ತಿದೆಯಾ ಅಂತ. ನಮ್ಮತ್ತೆ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದವರು. ಒಂದಿನ ಬೆಳಿಗ್ಗೆ ನಾನು ಒಳಗೆ ಹೋದಾಗ ಎಸರು ಕುದಿಯುತ್ತಿತ್ತು. ಕೊಣಮಿಗಿಯಲ್ಲಿ ಹಿಟ್ಟಿತ್ತು. ಖಾಲಿ ಹಂಚು ಕಾದು ಹೊಗೆ ಬರುತ್ತಿತ್ತು. ಅವರು ಹಿಟ್ಟನ್ನೊಮ್ಮೆ, ಎಸರನ್ನೊಮ್ಮೆ ನೋಡುತ್ತಾ ನಿಂತಿದ್ದರು. "ಮುಂದ ಏನ್ ಮಾಡೋದವಾ?" ಅಂತ ನನ್ನನ್ನೇ ಕೇಳಿದರು. ಕೇಳಿ ಅವರೇ ಗಾಬರಿಯಾದರು. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಹಾಲಿನವನಿಗೆ ಕೊಟ್ಟ ದುಡ್ಡನ್ನೇ ಮತ್ತೆ ಕೊಡುವುದು ಅದಕ್ಕೂ ಮೊದಲೇ ಶುರುವಾಗಿತ್ತು.

ನಿಮ್ಮ ಅಪ್ಪನ ಕೈಗೆ ಹತ್ತಿದ ಕೆಲಸ ಲೆಕ್ಕಪತ್ರ. ಅದಕ್ಕೇ ಆ ಸಭೆಯ ಸಂಗತಿಯನ್ನು ಹಗುರವಾಗಿ ತಗೋಬೇಡಿ. ಪಕ್ಕದ ಮನೆಯ ಹಿರಿಯರ ಜೊತೆ ಹೋಲಿಸಬೇಡಿ. ಎರಡು ವರ್ಷದ ಹಿಂದೆ ಇವರೇ ಹೇಗಿದ್ದರು ಅಂತ ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ: ಏನಾಯಿತು, ಯಾವ ಹೊತ್ತಿಗೆ, ಆಮೇಲೆ ನೆನಪಾಯಿತಾ ಇಲ್ಲವಾ. ಡಾಕ್ಟರು ನಮಗೆ ಕೊಡುವ ಸಮಯ ಕಡಿಮೆ. ಆ ನೋಟ್‌ಬುಕ್ ಇದ್ದರೆ ಅಷ್ಟರಲ್ಲೇ ಎಲ್ಲ ಹೇಳಬಹುದು.

ಅಣ್ಣನಿಗೆ ಇದನ್ನು ಓದಿ ಹೇಳಿ. ನಮ್ಮ ದೇಶದಲ್ಲಿ 60 ದಾಟಿದವರ ಮೇಲೆ ಮಾಡಿದ ದೊಡ್ಡ ಅಧ್ಯಯನದ ಲೆಕ್ಕ 2023ರಲ್ಲಿ ಬಂತು. ಅದರ ಪ್ರಕಾರ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ) ಇದೆ. ಅಂದರೆ ಸುಮಾರು 88 ಲಕ್ಷ ಜನ. ಇದು ಕಮ್ಮಿ ಅಲ್ಲ. ಆದರೆ ನೂರರಲ್ಲಿ 92 ಮಂದಿಗೆ ಇಲ್ಲ ಅಂತಲೂ ಆಯಿತಲ್ವಾ? ವಯಸ್ಸಾದ ಮಾತ್ರಕ್ಕೆ ಎಲ್ಲರಿಗೂ ಹೀಗಾಗುವುದಿಲ್ಲ. ಆದಾಗ ಕಾರಣ ಹುಡುಕಲೇಬೇಕು.

ಹುಡುಕಿದಾಗ ಕೆಲವೊಮ್ಮೆ ಸರಿಪಡಿಸಬಹುದಾದ ಕಾರಣವೇ ಸಿಗುತ್ತದೆ. ವಿಟಮಿನ್ ಬಿ12 ಕಮ್ಮಿ ಆಗಿರಬಹುದು, ಸಸ್ಯಾಹಾರಿಗಳಲ್ಲಿ ಇದು ಜಾಸ್ತಿ. ಥೈರಾಯ್ಡ್ ಇರಬಹುದು. ಸೋಡಿಯಂ ಇಳಿದಿರಬಹುದು. ಖಿನ್ನತೆಯೂ ಮರೆವಿನ ಹಾಗೇ ಕಾಣುತ್ತದೆ. ನಮ್ಮ ಓಣಿಯಲ್ಲೇ ಒಬ್ಬ ಹಿರಿಯರಿಗೆ ಬಿ12 ತೀರಾ ಕಮ್ಮಿ ಇತ್ತು. ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಿಗೆ ಮತ್ತೆ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತು ಹೋಗಿಬರುವವರ ಜೊತೆ ವಾದ ಮಾಡುತ್ತಿದ್ದರು. ಎಲ್ಲರಿಗೂ ಹೀಗೆ ಆಗುವುದಿಲ್ಲ, ನಮ್ಮತ್ತೆಗೆ ಆಗಲಿಲ್ಲ. ಅವರದ್ದು ಅಲ್ಝೈಮರ್ ಅಂತ ಬಂತು, ಅದು ಡಿಮೆನ್ಷಿಯಾದಲ್ಲೇ ಒಂದು ಬಗೆ. ಆದರೂ ರಕ್ತ ಪರೀಕ್ಷೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಎಲ್ಲಿ ತೋರಿಸಬೇಕು ಅಂದಿರಿ. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. 1845ರಿಂದ ಇರುವ ಸರ್ಕಾರಿ ಮಾನಸಿಕ ಆರೋಗ್ಯದ ಆಸ್ಪತ್ರೆ. ಜನ ಹಳೇ ಹೆಸರು ಹಿಡಿದು "ಹುಚ್ಚಾಸ್ಪತ್ರೆ" ಅಂತ ಹೆದರುತ್ತಾರೆ. ಹೆದರಬೇಡಿ, ಅಲ್ಲಿ ಮರೆವಿಗೆ ತೋರಿಸುವವರೂ ಬರುತ್ತಾರೆ. ಹುಬ್ಬಳ್ಳಿಯಲ್ಲಿ ನರರೋಗ ತಜ್ಞರಿದ್ದಾರೆ. ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರು ಮಾಡಿದೆ, ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಅಂತ ಕೇಳಿ ನೋಡಿ. ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಿ 30ಕ್ಕೆ ಅಂಕ ಹಾಕುವ ಒಂದು ಪರೀಕ್ಷೆ ಮಾಡುತ್ತಾರೆ. ಇವತ್ತು ಯಾವ ವಾರ, ಮೂರು ಪದ ನೆನಪಿಡಿ, 100ರಿಂದ ಏಳೇಳು ಕಳೆಯುತ್ತಾ ಬನ್ನಿ, ಹೀಗೆ. ಗಡಿಯಾರದ ಚಿತ್ರ ಬರೆದು ಹನ್ನೊಂದು ಹತ್ತು ತೋರಿಸಿ ಅಂತಾರೆ. ಓದು ಬರಹ ಇಲ್ಲದವರಿಗೆ ಬೇರೆ ಥರದ ಪ್ರಶ್ನೆಗಳಿವೆ. ಒಂದು ಎಚ್ಚರ: ಹೆಡ್‌ಮಾಸ್ತರ್ ಆಗಿದ್ದವರು ಇದರಲ್ಲಿ ಒಳ್ಳೆ ಅಂಕವನ್ನೇ ತೆಗೆಯಬಹುದು. ಜಾಸ್ತಿ ಓದಿದವರಲ್ಲಿ ಈ ಸಣ್ಣ ಪರೀಕ್ಷೆಗೆ ಶುರುವಿನ ತೊಂದರೆ ಸಿಕ್ಕಿಬೀಳದೆ ಹೋಗಬಹುದು. ಅಂಕ ಚೆನ್ನಾಗಿ ಬಂತು ಅಂತ ಎದ್ದು ಬರಬೇಡಿ. ನೋಟ್‌ಬುಕ್ ತೋರಿಸಿ, ಇನ್ನೂ ವಿವರವಾದ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ. ಕನ್ನಡದಲ್ಲೇ ಸಿದ್ಧವಾದ ಪರೀಕ್ಷೆಗಳಿವೆ.

ಅವರು ಬರಲು ಒಪ್ಪದಿದ್ದರೆ "ನಿಮಗೂ ಅವ್ವಗೂ ಕೂಡಿಯೇ ತಪಾಸಣೆ ಮಾಡಿಸೋಣ" ಅನ್ನಿ. ಅವ್ವನಿಗೂ ಅದು ಬೇಕೇ ಬೇಕು.

ಹುಬ್ಬಳ್ಳಿಯಿಂದ, ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್

ಮೇಲೆ ಅಕ್ಕಾವ್ರು ಹೇಳಿದ್ದು ತಿಂಗಳು ವರ್ಷಗಟ್ಟಲೆ ನಿಧಾನಕ್ಕೆ ಬರುವ ಮರೆವು. ಒಂದೆರಡು ದಿನದಲ್ಲಿ ಗೊಂದಲ ಶುರುವಾದರೆ, ಇದ್ದಕ್ಕಿದ್ದ ಹಾಗೆ ಮನೆಯವರ ಗುರುತು ಸಿಗದಿದ್ದರೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಮೂತ್ರದ ಸೋಂಕು, ಸೋಡಿಯಂ, ಶುಗರ್ ಮಾತ್ರೆ ತಗೊಂಡು ಊಟ ಬಿಟ್ಟಿದ್ದು, ಯಾವುದೂ ಇರಬಹುದು. ಬಿದ್ದು ತಲೆಗೆ ಪೆಟ್ಟಾಗಿದ್ದರೆ ವಾರಗಳಾದ ಮೇಲೂ ಒಳಗೆ ರಕ್ತ ಕಟ್ಟಿರಬಹುದು. ಬಿದ್ದದ್ದು ಸಣ್ಣದು ಅಂತ ಹೇಳದೆ ಬಿಡಬೇಡಿ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತನ್ನಿ. ನಿದ್ದೆ ಮಾತ್ರೆ, ನೆಗಡಿಗೆ ಅಂಗಡಿಯಲ್ಲಿ ತಂದ ಮಾತ್ರೆ, ಮೂತ್ರ ತಡೆಯುವ ಕೆಲವು ಮಾತ್ರೆಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಕಿವಿಯನ್ನೂ ತೋರಿಸಿ. ಕೇಳಿಸದೆ ಉತ್ತರ ತಪ್ಪು ಹೇಳುವವರಿಗೂ ಮರೆವಿನ ಹಣೆಪಟ್ಟಿ ಅಂಟಿಸಿಬಿಡುತ್ತೇವೆ. ಕಿವಿ ಮಂದವಾಗಿ ಹಾಗೇ ಬಿಟ್ಟರೆ ಡಿಮೆನ್ಷಿಯಾ ಬರುವ ಅಪಾಯವೂ ಹೆಚ್ಚು ಅಂತ ಈಗ ತಜ್ಞರು ಹೇಳುತ್ತಾರೆ.

ನವನಗರದಿಂದ ಒಬ್ಬ ಮಗ

ನಮ್ಮ ತಂದೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ನವನಗರಕ್ಕೆ ಇಳಿಯುವ ಬದಲು ಧಾರವಾಡ ಮುಟ್ಟಿದ್ದರು. ನೌಕರಿ ಇದ್ದಷ್ಟು ಕಾಲ ಓಡಾಡಿದ ದಾರಿ ಅದು. ಅವತ್ತಿನಿಂದ ಜೇಬಿನಲ್ಲಿ ಹೆಸರು, ನನ್ನ ಫೋನ್ ನಂಬರ್ ಬರೆದ ಚೀಟಿ ಇರುತ್ತದೆ. ಮೊಬೈಲ್‌ನಲ್ಲಿ ಲೊಕೇಶನ್ ಹಂಚಿಕೊಂಡಿದ್ದೇವೆ. ಇದನ್ನು ಅವರಿಗೆ ತಿಳಿಸಿ, ಅವರು ಒಪ್ಪಿದ ಮೇಲೇ ಮಾಡಿದ್ದು.

ಬ್ಯಾಡಗಿಯಿಂದ, ಮೆಣಸಿನಕಾಯಿ ವ್ಯಾಪಾರಿಯ ಮಗ

ದುಡ್ಡಿನ ವಿಷಯ ಹೇಳುತ್ತೇನೆ. ನಮ್ಮಪ್ಪ ಸೋಮವಾರ, ಗುರುವಾರದ ಸಂತೆಯಲ್ಲಿ ಚೀಲ, ತೂಕ, ದರ ಕೇಳಿದರೆ ಸಾಕು, ಮೊತ್ತ ಬಾಯಲ್ಲೇ ಹೇಳುತ್ತಿದ್ದರು. ಕ್ಯಾಲ್ಕುಲೇಟರ್ ಹಿಡಿಯಲು ಶುರು ಮಾಡಿದಾಗ ನಾವು ಗಮನಿಸಿದೆವು. ಒಮ್ಮೆ ಒಬ್ಬ ರೈತನಿಗೆ ಕೊಡಬೇಕಾದ್ದು ಇನ್ನೊಬ್ಬನಿಗೆ ಹೋಯಿತು. ಪಡೆದವನು ಒಳ್ಳೆಯವನು, ತಂದುಕೊಟ್ಟ.

ಡಾಕ್ಟರು ಹೇಳಿದ ಮೇಲೆ ವಕೀಲರ ಹತ್ತಿರ ಹೋದೆವು, ಅಪ್ಪನನ್ನೂ ಕರೆದುಕೊಂಡು. ಅಲ್ಲಿ ತಿಳಿದದ್ದು ಎಲ್ಲರಿಗೂ ಗೊತ್ತಿರಬೇಕು. ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆಸಿಟ್ಟರೆ ಕೊನೆತನಕ ನಡೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಡೆಯುವುದಿಲ್ಲ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಸಾಮಾನ್ಯವಾಗಿ ಅದೂ ಮುಗಿಯುತ್ತದೆ. 1872ರ ಕರಾರು ಕಾಯ್ದೆಯಲ್ಲಿ ಹಾಗೇ ಇದೆ. ಆಮೇಲೆ ಕೋರ್ಟಿಗೆ ಹೋಗಬೇಕಾಗುತ್ತದೆ. ಹಾಗಾಗಿ ಬುದ್ಧಿ ನೆಟ್ಟಗಿರುವಾಗಲೇ ಖಾತೆಗಳನ್ನು ಜಂಟಿ ಮಾಡಿಸಿ, ನಾಮಿನಿ ಹೆಸರು ಸರಿಪಡಿಸಿ. ಉಯಿಲು ಬರೆಯುವುದಿದ್ದರೆ ಬರೆದು ನೋಂದಣಿ ಮಾಡಿಸಿ. ಆ ದಿನದ ಡಾಕ್ಟರ ಸರ್ಟಿಫಿಕೇಟ್ ಜೊತೆಗಿರಲಿ. ಹೊಲದ ಉತಾರ, ಬಾಂಡು, ಕೊಟ್ಟ ಸಾಲ, ತಗೊಂಡ ಸಾಲ, ಎಲ್ಲ ಅಪ್ಪನ ಬಾಯಿಂದಲೇ ಕೇಳಿ ಪಟ್ಟಿ ಮಾಡಿ.

ಎಲ್ಲ ಮಕ್ಕಳೂ ಎದುರಿಗಿರಲಿ. ಅಣ್ಣ ಪುಣೆಯಲ್ಲಿದ್ದರೆ ವಿಡಿಯೋ ಕಾಲ್‌ನಲ್ಲಿ ಕೂಡಿಸಿ. ಒಬ್ಬರೇ ಮಾಡಿದರೆ ನಾಳೆ ಬೇರೆ ಮಾತು ಹುಟ್ಟುತ್ತದೆ. ಆಸ್ತಿಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಡಿ ಅಂತ ಒತ್ತಾಯಿಸುವವರು ಬರುತ್ತಾರೆ. ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಖರ್ಚು ಮುಂದೆ ಬಹಳ ಇದೆ, ಅದಕ್ಕೆ ಅವರ ದುಡ್ಡು ಅವರ ಹೆಸರಲ್ಲೇ ಇರಲಿ.

ಗದಗ ಜಿಲ್ಲೆಯಿಂದ, ಸಹಕಾರಿ ಸಂಘದ ಮಾಜಿ ನಿರ್ದೇಶಕ

ತಂಗೆವ್ವಾ, ಸಂಘದ ಬಗ್ಗೆ ನೀವು ಕೇಳಿದ್ದಕ್ಕೆ ನಾನು ಹೇಳಬೇಕು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅವತ್ತಿನಿಂದ ಈ ಕಡೆ ಅಧ್ಯಕ್ಷರ ಮುಖ ನೋಡಿ ಜನ ಠೇವಣಿ ಇಡುತ್ತಾರೆ. ಅದಕ್ಕೇ ಇದು ನಿಮ್ಮ ಮನೆಯ ಒಳಗಿನ ಮಾತಷ್ಟೇ ಅಲ್ಲ. ಅಧ್ಯಕ್ಷರು ಓದದೆ ಹಾಕಿದ ಒಂದು ಸಹಿಯಿಂದ ಮುದುಕರ, ವಿಧವೆಯರ ದುಡ್ಡು ಹೋಗಬಹುದು. ಕೊನೆಗೆ ಕೆಟ್ಟ ಹೆಸರು ನಿಮ್ಮ ಅಪ್ಪನಿಗೇ ಬರುತ್ತದೆ.

ನಮ್ಮ ಸಂಘದ ಅಧ್ಯಕ್ಷರಿಗೂ ಹಿಂದೆ ಹೀಗೇ ಆಯಿತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. "ಹಿರ್ಯಾರು, ಹೆಂಗ ಹೇಳೋದು" ಅನ್ನುವುದೇ ಆಯಿತು. ಸಹಿ ಬೇಕಾದವರಿಗಂತೂ ಅದು ಅನುಕೂಲವೇ ಆಗಿತ್ತು. ಸಭೆಗೆ ಮೊದಲು ಅವರ ಮನೆಗೆ ಹೋಗಿ ಕಾಗದ ಮುಂದಿಡುತ್ತಿದ್ದರು. ದೊಡ್ಡ ಕುರ್ಚಿಯಲ್ಲಿ ಕೂತವರ ಸುತ್ತ ಇಂಥವರು ಇದ್ದೇ ಇರುತ್ತಾರೆ. ಮರೆವು ಮನೆಯವರ ಕಣ್ಣಿಗೆ ಬೀಳುವುದಕ್ಕಿಂತ ಮೊದಲೇ ಇವರ ಕಣ್ಣಿಗೆ ಬಿದ್ದಿರುತ್ತದೆ.

ಕೊನೆಗೆ ಅವರ ಹಳೇ ಸ್ನೇಹಿತರೊಬ್ಬರು, ಅವರ ಮಗ, ನಾನು, ಮೂರೂ ಜನ ಮನೆಗೆ ಹೋದೆವು. ಹಿತ್ತಲಲ್ಲಿ ಚಹಾ ಕುಡಿಯುತ್ತಾ ನೇರವಾಗಿ ಹೇಳಿದೆವು. ಸ್ವಲ್ಪ ಹೊತ್ತು ಸಿಟ್ಟು ಮಾಡಿದರು. ಆಮೇಲೆ "ನನಗೂ ಸಂಶೇ ಇತ್ತು, ನೀವ್ಯಾರೂ ಹೇಳವಲ್ರಿ" ಅಂದರು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ತಾವೇ ಎದ್ದು ನಿಂತು ರಾಜೀನಾಮೆ ಓದಿದರು. ಆ ಕಾಗದದ ಮಾತೂ ಅವರದ್ದೇ. ಸಂಘದವರು ಶಾಲು ಹೊದಿಸಿದರು. ವಾರ್ಷಿಕ ಸಭೆಗೆ ಈಗಲೂ ಮೊದಲ ಸಾಲಿನಲ್ಲಿ ಕೂಡುತ್ತಾರೆ.

ರಾಜೀನಾಮೆ ತನಕ ಮಾಡಬೇಕಾದ್ದು ಇಷ್ಟು. ಮನೆಗೆ ಕಾಗದ ತರುವುದು ನಿಲ್ಲಿಸಿ. ಸಹಿ ಏನಿದ್ದರೂ ಕಚೇರಿಯಲ್ಲಿ, ಕಾರ್ಯದರ್ಶಿ ಗಟ್ಟಿಯಾಗಿ ಓದಿದ ಮೇಲೆ. ಸಭೆಯನ್ನು ಉಪಾಧ್ಯಕ್ಷರು ನಡೆಸಲಿ. ಹೊಸ ಸಾಲದ ಮಂಜೂರಾತಿ ಪೂರ್ತಿ ಮಂಡಳಿಯ ಮುಂದೇ ಆಗಲಿ.

ದೊಡ್ಡ ದೊಡ್ಡವರ ವಿಷಯದಲ್ಲೂ ಇದೇ ನಡೆದಿದೆ. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ 1919ರಲ್ಲಿ ಲಕ್ವಾ ಹೊಡೆಯಿತು. ಹೆಂಡತಿಯೂ ಡಾಕ್ಟರೂ ಸೇರಿ ಜನರಿಗೆ ನಿಜಸ್ಥಿತಿ ತಿಳಿಯದಂತೆ ನೋಡಿಕೊಂಡರು. ಯಾವ ಕಾಗದ ಅವರ ಮುಂದೆ ಹೋಗಬೇಕು ಅನ್ನುವುದನ್ನು ಹೆಂಡತಿಯೇ ನೋಡುತ್ತಿದ್ದರು. ಅದೇ ದೇಶದ ರೊನಾಲ್ಡ್ ರೇಗನ್ 1994ರ ನವೆಂಬರ್‌ನಲ್ಲಿ, ಅಧಿಕಾರ ಬಿಟ್ಟು ಐದು ವರ್ಷ ದಾಟಿದ ಮೇಲೆ, ತನಗೆ ಅಲ್ಝೈಮರ್ ಇದೆ ಅಂತ ಸ್ವಂತ ಕೈಬರಹದಲ್ಲಿ ಪತ್ರ ಬರೆದು ಜನರಿಗೆ ತಿಳಿಸಿದರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ, ರಕ್ಷಣಾ ಖಾತೆ ನಡೆಸಿದವರು. ಅವರಿಗೆ ಅಲ್ಝೈಮರ್ ಆದ ಮೇಲೆ ಯಾರು ನೋಡಿಕೊಳ್ಳಬೇಕು ಅಂತ ಹತ್ತಿರದವರ ನಡುವೆಯೇ ತಕರಾರು ಎದ್ದು 2010ರಲ್ಲಿ ದೆಹಲಿ ಹೈಕೋರ್ಟ್ ತನಕ ಹೋಯಿತು. ಅಷ್ಟು ಮಾತು ಬಲ್ಲ ಮನುಷ್ಯ, ತನ್ನ ವಿಷಯದಲ್ಲಿ ತಾನೇ ಮಾತಾಡುವ ಸ್ಥಿತಿ ಇರಲಿಲ್ಲ. ನಿಮ್ಮ ಅಪ್ಪನಿಗೆ ಇನ್ನೂ ಆ ಸ್ಥಿತಿ ಇದೆ.

ಧಾರವಾಡದ ಸೊಸೆ, ಮತ್ತೊಮ್ಮೆ

ದಿನನಿತ್ಯದ್ದು ಒಂದಿಷ್ಟು ಉಳಿದಿತ್ತು. ಒಂದೇ ಪ್ರಶ್ನೆ ಎಷ್ಟು ಸಲ ಕೇಳಿದರೂ ಅವರಿಗೆ ಅದು ಮೊದಲನೇ ಸಲವೇ. "ಈಗಷ್ಟ ಹೇಳಿದ್ನಲ್ಲ" ಅಂದರೆ ಅವಮಾನ ಆಗುತ್ತದೆ, ಉತ್ತರ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ನಾವು ಅಡುಗೆಮನೆ ಬಾಗಿಲ ಪಕ್ಕ ಒಂದು ಹಲಗೆ ತೂಗುಹಾಕಿದ್ದೆವು. ಇವತ್ತಿನ ವಾರ, ತಾರೀಕು, ಯಾರು ಬರುತ್ತಾರೆ, ಮಾತ್ರೆ ಆಯಿತಾ. ಅತ್ತೆ ಎದ್ದ ಕೂಡಲೇ ಅದನ್ನು ಓದುತ್ತಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚಡಪಡಿಕೆ ಜಾಸ್ತಿ. "ಮನಿಗೆ ಹೋಗ್ತೀನಿ" ಅಂತ ಹೊರಡುತ್ತಾರೆ, ಇರುವುದು ಮನೆಯಲ್ಲೇ. ವಾದ ಬೇಡ. ಲೈಟು ಬೇಗ ಹಾಕಿ, ಕೈಗೊಂದು ಕೆಲಸ ಕೊಡಿ. ನಮ್ಮತ್ತೆಗೆ ಮೆಂತೆಸೊಪ್ಪು ಬಿಡಿಸಲು ಕೊಟ್ಟರೆ ಸಾಕಿತ್ತು. ರೊಟ್ಟಿ ತಾವೊಬ್ಬರೇ ಮಾಡಲು ಆಗದಿದ್ದರೂ ನಾನು ಹಿಟ್ಟು ನಾದಿ ಮುದ್ದೆ ಮಾಡಿಕೊಟ್ಟರೆ ಬಡಿಯುವುದು ಕೈಗೆ ಗೊತ್ತಿತ್ತು. ನನಗಿಂತ ತೆಳ್ಳಗೆ ಬಡಿಯುತ್ತಿದ್ದರು.

ಡೊನೆಪೆಜಿಲ್ ಅನ್ನುವ ಮಾತ್ರೆ ಕೊಟ್ಟರೆ ಕಾಯಿಲೆ ಹೋಗಿಬಿಡುತ್ತದೆ ಅಂದುಕೊಳ್ಳಬೇಡಿ. ಕೆಲವರಿಗೆ ಒಂದಷ್ಟು ಕಾಲ ಸ್ವಲ್ಪ ಅನುಕೂಲ ಆಗುತ್ತದೆ. ಹೊಟ್ಟೆ ಕೆಡಬಹುದು, ನಾಡಿ ನಿಧಾನವಾಗಬಹುದು. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಬಿಪಿ, ಶುಗರ್ ಹಿಡಿತದಲ್ಲಿಡುವುದು, ದಿನಾ ನಡೆಸುವುದು, ಜನರ ಜೊತೆ ಮಾತಾಡಿಸುವುದು, ಇವೂ ಅಷ್ಟೇ ಮುಖ್ಯ.

ಅವ್ವನ ಜೊತೆ ಮಾತ್ರ ನೀವು ಒಬ್ಬರೇ ಕೂತು ಮಾತಾಡಿ. ಅವರು ಮುಚ್ಚಿಡುವುದು ಗಂಡನ ಮರ್ಯಾದೆಗಾಗಿ. ಅದಕ್ಕಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೋ ಏನೋ. ಬೈಯಬೇಡಿ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಅಪ್ಪನ ಹತ್ತಿರ ನೀವು ಕೂತು ಅವರನ್ನು ಗುಡಿಗೋ ತಂಗಿಯ ಮನೆಗೋ ಕಳಿಸಿ. ಹಿರಿಯರಿಗೆ ಸಂಬಂಧಪಟ್ಟ ಸಹಾಯಕ್ಕೆ ಸರ್ಕಾರದ್ದೇ 14567 ನಂಬರ್ ಇದೆ, ಅದನ್ನೂ ಬರೆದಿಟ್ಟುಕೊಳ್ಳಿ.

ಮೊದಲು ರಕ್ತ ಪರೀಕ್ಷೆ ಮಾಡಿಸಿ: ಬಿ12, ಥೈರಾಯ್ಡ್, ಸೋಡಿಯಂ, ಶುಗರ್, ಕಿಡ್ನಿ. ಸ್ಕ್ಯಾನ್ ಬೇಕಾ ಅನ್ನುವುದನ್ನು ಡಾಕ್ಟರು ಹೇಳುತ್ತಾರೆ. ಧಾರವಾಡಕ್ಕೆ ಬರುವುದಾದರೆ ಬೆಳಿಗ್ಗೆ ಬೇಗ ಬನ್ನಿ, ಚೀಟಿ ಮಾಡಿಸಲು ಸಾಲು ಇರುತ್ತದೆ. ತಿಂಡಿ ಕಟ್ಟಿಕೊಂಡು ಬನ್ನಿ, ಮಾತ್ರೆಯ ಚೀಲ, ನೋಟ್‌ಬುಕ್, ಅಪ್ಪನ ಕನ್ನಡಕ ಮರೆಯದೆ ತನ್ನಿ.