ಸಿಂಕಿಗೆ ಸುರೀಬೇಡ ಪುಟ್ಟೀ

ಪುಟ್ಟೀ, ಬೆಳಗ್ಗೆ ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡಿದೆ. ದಾಸವಾಳಕ್ಕೆ ಹಿಟ್ಟುತಿಗಣೆ (ಬಿಳಿ ಹಿಟ್ಟು ಮೆತ್ತಿದಂಗಿರೋ ಹುಳ) ಬಂದಿದೆ, ಹಳೇ ಸೈಪರ್‌ಮೆಥ್ರಿನ್ ಕೀಟನಾಶಕ ಅರ್ಧ ಬಾಟಲಿ ಇದೆ, ಹೊಡೀಲಾ ಇಲ್ಲಾ ಸಿಂಕಿಗೆ ಸುರಿದುಬಿಡಲಾ ಅಂತ. ಸಿಂಕಿನ ಸುದ್ದಿ ಎತ್ತಬೇಡ ಮಾರಾಯ್ತಿ!

ಊರಲ್ಲಿ ಮೇಲಿನ ಮನೆ ಬಾವಿ ಎಲ್ಲರಿಗೂ ಗೊತ್ತಲ್ಲ. ಬದನೆಗೆ ಇದೇ ಔಷಧಿ ಹೊಡೆದು 16 ಲೀಟರಿನ ಔಷಧಿ ಹೊಡೆಯೋ ಪಂಪನ್ನ ನಾನು ಬಾವಿಕಟ್ಟೆ ಮೇಲೇ ತೊಳೆದೆ. ತಳದಲ್ಲಿ ಉಳಿದದ್ದು ಒಂದು ಲೋಟ ಇದ್ದೀತು. ಕಟ್ಟೆ ಸಿಮೆಂಟು ಬಿರುಕು ಬಿಟ್ಟಿತ್ತು. ಮಾರನೇ ದಿನ ಕೊಡಪಾನ ಎಳೆದರೆ ಏಳೆಂಟು ಗಪ್ಪಿ ಮೀನು, ಬಿಳಿ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದ್ವು. ಸೊಳ್ಳೆ ಮರಿ ತಿನ್ಲಿ ಅಂತ ಬಿಟ್ಟ ಮೀನು. ಬಾಟಲಿ ಮೇಲಿನ ತ್ರಿಕೋನದ ಬಣ್ಣ ಕೆಂಪು, ಹಳದಿ, ನೀಲಿ, ಹಸಿರು ಅಂತ ಇರತ್ತಲ್ಲ, ಅದು ನಮ್ಮ ಹೊಟ್ಟೆ-ಚರ್ಮಕ್ಕೆ ಎಷ್ಟು ವಿಷ ಅನ್ನೋ ಲೆಕ್ಕ. ಮೀನಿನ ಲೆಕ್ಕ ಅದರಲ್ಲಿಲ್ಲ. ಈ ಜಾತಿ ಔಷಧಿ ಮೀನಿಗೆ ಹನಿ ಸಾಕು. ನೀರು ಇಳಿಯೋ ಜಾಗದಲ್ಲಿ ಪಂಪು ತೊಳೀಬೇಡಿ.

ಆಮೇಲೆ ಬಾವಿ ಪೂರ್ತಿ ಬಗ್ಗಡ ತೆಗೆಸಿದ್ದು ಯಾರು? ನಾನು, ಕೆಳಗಿನ ಮನೆ ಮಾವ, ಇಬ್ಬರು ಆಳು. ಮೇ ತಿಂಗಳಲ್ಲಿ ಬಂದು "ಬಾವಿ ನೀರಿನ ರುಚಿಯೇ ಬೇರೆ" ಅಂತ ಕುಡಿಯೋರು ಹದಿನೆಂಟು ಜನ, ಹಗ್ಗ ಹಿಡಿಯೋಕೆ ಒಬ್ಬರೂ ಇಲ್ಲ. ಬಿಡಿ, ಈ ಗ್ರೂಪಲ್ಲಿ ಹೇಳಿ ಪ್ರಯೋಜನ ಇಲ್ಲ. ಇನ್ನೊಮ್ಮೆ ಹೇಳ್ತೀನಿ, ನೀರು ಇಳಿಯೋ ಕಡೆ ಪಂಪು ತೊಳೀಬೇಡಿ.

ಹಾಂ, ನೀನು ಕೇಳಿದ್ದು. ನಿಮ್ಮ ಕೆಂಗೇರಿ ಚರಂಡಿ ವೃಷಭಾವತಿ ನದಿಗೆ, ಅಲ್ಲಿಂದ ಬೈರಮಂಗಲ ಕೆರೆ ಕಡೆಗೆ, ಅಲ್ಲಿ ಅದೇ ನೀರು ಹೊಲಕ್ಕೆ. ಮೇಲಾಗಿ ನಿಮ್ಮ ತಾರಸಿ ಮಳೆನೀರು ಪೈಪಲ್ಲಿ ಸಂಪಿನ ತೊಟ್ಟಿಗೇ ಬೀಳತ್ತೆ. ಕುಂಡಗಳನ್ನ ಪೈಪಿನ ಬಾಯಿಂದ ದೂರ ಸರಿಸು. ನಾಲ್ಕು ಗಿಡಕ್ಕೆ ಸೈಪರ್‌ಮೆಥ್ರಿನ್ ಯಾಕೆ? ಜಾಸ್ತಿ ಹಿಟ್ಟು ಕಟ್ಟಿದ ತುದಿ ಕತ್ತರಿಸಿ ಕವರಿಗೆ ಹಾಕಿ ಕಟ್ಟು, ಉಳಿದದ್ದನ್ನ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜು. ಇರುವೆ ಹತ್ತೋದನ್ನೂ ತಡಿ, ತಿಗಣೇನ ಸಾಕೋದೇ ಅವು. ಆಮೇಲೆ ಅರ್ಧ ಲೀಟರ್ ನೀರಿಗೆ 2.5 ಎಂಎಲ್ ಬೇವಿನೆಣ್ಣೆ, ಸೂಜಿ ಇಲ್ಲದ ಸಿರಿಂಜಲ್ಲಿ ಅಳೆದು. ಎಣ್ಣೆಗೆ ಮೊದಲು ಹತ್ತು ಹನಿ ಪಾತ್ರೆ ಸೋಪಿನ ದ್ರವ ಕಲಸು, ಇಲ್ಲದಿದ್ರೆ ಎಣ್ಣೆ ಮೇಲೆ ತೇಲಿ ಎಲೆ ಸುಡತ್ತೆ. ಸಂಜೆ ಹೊತ್ತು, ಎಲೆ ಅಡಿಗೆ, ವಾರಕ್ಕೊಂದು ಸಲ. ಮೋಡ ಇದ್ದ ದಿನ ಬೇಡ. ಕಲಸಿದ್ದು ಅವತ್ತೇ ಮುಗೀಬೇಕು, ಮಿಕ್ಕರೆ ಅದೇ ಗಿಡಕ್ಕೇ ಹೊಡಿ. ಬೇವು ಅಂದಮಾತ್ರಕ್ಕೆ ಚರಂಡಿಗೆ ಬಿಡಬಹುದು ಅಂತಲ್ಲ.

ಆ ಅರ್ಧ ಬಾಟಲಿ ಕೀಟನಾಶಕಾನ ಬೇರೆ ಬಾಟಲಿಗೆ ಬಗ್ಗಿಸಬೇಡ, ಲೇಬಲ್ ಕೀಳಬೇಡ. ಮುಚ್ಚಳ ಬಿಗಿ ಮಾಡಿ, ಪೇಪರ್ ಸುತ್ತಿ, ಕವರಿಗೆ ಹಾಕಿ, ಕಸದ ಗಾಡಿಯವರಿಗೆ "ಇದು ವಿಷ" ಅಂತ ಹೇಳಿ ಬೇರೆಯಾಗಿ ಕೊಡು. ಒಣಕಸದಲ್ಲಿ ಸೇರಿಸಬೇಡ, ಸುಡಬೇಡ. ಅಕ್ಕನ ಮನೇಲಿ ಔಷಧಿದು ಖಾಲಿ ಬಾಟಲಿ ಇದೆಯಂತೆ, ಅದಕ್ಕೆ ಕಾಲು ಭಾಗ ನೀರು ಹಾಕಿ ಅರ್ಧ ನಿಮಿಷ ಕುಲುಕಿ, ಆ ನೀರನ್ನ ಪಂಪಿಗೇ ಹಾಕಿ ಗಿಡಕ್ಕೆ ಹೊಡೀಬೇಕು, ಹೀಗೆ ಮೂರು ಸಲ. ಆಮೇಲೆ ತಳಕ್ಕೆ ತೂತು ಹೊಡೆದು ಕೊಡಲಿ, ಇಲ್ಲದಿದ್ರೆ ಎಣ್ಣೆ ತುಂಬಿಡೋಕೆ ಇಟ್ಕೊಂಡಾಳು ಅವಳು!