ಸಹಾಯ ಬೇಕು: ಟ್ರೂಬಡೂರ್ ಕಾಲದ ಹಾಡೊಂದನ್ನು ಹಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಓದು ಬಳಗದಲ್ಲಿ ಮುಂದಿನ ತಿಂಗಳು ದಕ್ಷಿಣ ಫ್ರಾನ್ಸಿನ ಟ್ರೂಬಡೂರ್ ಕವಿಗಳ ಬಗ್ಗೆ ಮಾತಾಡಬೇಕಿದೆ. 12ನೇ ಶತಮಾನದಲ್ಲಿ ಲ್ಯಾಟಿನ್ ಬಿಟ್ಟು, ಜನರಾಡುವ ಆಕ್ಸಿಟನ್ ಭಾಷೆಯಲ್ಲಿ ಪ್ರೇಮಗೀತೆ ಕಟ್ಟಿ ರಾಗ ಹಾಕಿದವರು ಇವರು. ಅಕ್ವಿಟೇನಿನ ಡ್ಯೂಕ್ 9ನೇ ವಿಲಿಯಂನಿಂದ ಬರ್ನಾರ್ಟ್ ದ ವೆಂಟಡೋರ್ನ್‌ವರೆಗೆ ಟಿಪ್ಪಣಿ ಸಿದ್ಧವಾಗಿದೆ. ತೊಡಕಿರುವುದು ದಿಯಾದ ಕೌಂಟೆಸ್ ಎಂಬ ಹೆಣ್ಣು ಟ್ರೂಬಡೂರಳ ಹಾಡಿನ ಹತ್ತಿರ.

ಟ್ರೂಬಡೂರರ ಹಾಡಿನಲ್ಲಿ ಸಾಮಾನ್ಯವಾಗಿ ಗಂಡಸು ಬೇಡುತ್ತಾನೆ, ಒಡತಿ ಮೌನವಾಗಿರುತ್ತಾಳೆ. ಇಲ್ಲಿ ಆ ಒಡತಿಯೇ ಬಾಯಿ ಬಿಡುತ್ತಾಳೆ. ನನ್ನ ಚೆಲುವು, ಯೋಗ್ಯತೆ, ಬುದ್ಧಿ ಯಾವುದೂ ನಾನು ಪ್ರೀತಿಸಿದವನ ಮುಂದೆ ನಡೆಯಲಿಲ್ಲ ಎಂದು ನೇರವಾಗಿ ದೂರುತ್ತಾಳೆ. ಕೊನೆಗೆ, ಅತಿಯಾದ ಗರ್ವ ಎಷ್ಟೋ ಜನರನ್ನು ಕೆಡಿಸಿದೆ ಅಂತ ಅವನಿಗೆ ಹೇಳು ಎಂದು ದೂತನಿಗೆ ಒಪ್ಪಿಸುತ್ತಾಳೆ. ಆ ಕಾಲದ ಹೆಣ್ಣು ಟ್ರೂಬಡೂರರ ಹಾಡುಗಳಲ್ಲಿ ರಾಗ ಸಮೇತ ಉಳಿದಿರುವುದು ಇದೊಂದೇ. ಇದನ್ನು ಬರೀ ಓದಿ ಮುಗಿಸಲು ನನಗೆ ಮನಸ್ಸಿಲ್ಲ.

ಸ್ವರಲಿಪಿ ಸಿಕ್ಕಿದೆ. ಆದರೆ ಅದರಲ್ಲಿ ಸ್ವರದ ಏರಿಳಿತ ಮಾತ್ರ ಇದೆ, ಯಾವ ಸ್ವರ ಎಷ್ಟು ಹೊತ್ತು ಅನ್ನುವುದಿಲ್ಲ. ಅದೂ ಮೊದಲ ಚರಣಕ್ಕಷ್ಟೇ. ಕೇಳಿದ ಧ್ವನಿಮುದ್ರಣಗಳಲ್ಲಿ ಒಬ್ಬೊಬ್ಬರದು ಒಂದೊಂದು ಲಯ. ಮಧ್ಯಯುಗದ ಪಾಶ್ಚಾತ್ಯ ಸಂಗೀತ ಕಲಿತವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ತಾಳವಿಲ್ಲದೆ, ಮಾತಿನ ಓಟಕ್ಕೆ ತಕ್ಕಂತೆ ಹಾಡಿಸಬಹುದೇ? ಜೊತೆಗೆ ತಂತಿವಾದ್ಯ ಇಟ್ಟರೆ ತಪ್ಪಾಗುತ್ತದೆಯೇ?

ಆಕ್ಸಿಟನ್ ಉಚ್ಚಾರಣೆ ಬಲ್ಲವರು ಮೊದಲ ಚರಣವನ್ನು ನಿಧಾನವಾಗಿ ಓದಿ ಧ್ವನಿ ಕಳಿಸಿದರೆ ದೊಡ್ಡ ಉಪಕಾರ. ಟುಲೂಸ್ ಕಡೆ ಇರುವ ಕನ್ನಡಿಗರೇ, ನಿಮ್ಮ ಅಕ್ಕಪಕ್ಕದಲ್ಲಿ ಆ ಭಾಷೆ ಆಡುವ ಹಿರಿಯರಿದ್ದರೆ ಒಮ್ಮೆ ವಿಚಾರಿಸಿ ನೋಡುತ್ತೀರಾ?